ಮನೆಯ ಯಜಮಾನನೊಂದಿಗೆ ಸಂಬಂಧ

“ಹಿತ್ತಲಲ್ಲಿರೋಳು ನನ್ನ ಮಗಳೇ,” ಎಂದಳು ಮನೆಯಾಕೆ. ಯಾರೂ ಕೇಳಿರಲಿಲ್ಲ.

ಸಮೀಕ್ಷಕಿಯ ಕಿವಿ ನೆಟ್ಟಗಾಯಿತು. ಹನ್ನೊಂದು ವರ್ಷದಿಂದ ಮನೆಮನೆ ಅಲೆದು ಫಾರಂ ತುಂಬಿಸಿದವಳು ಅವಳು. ಕೇಳುವ ಮೊದಲೇ ಬರುವ ಉತ್ತರವನ್ನು ನಂಬುವಷ್ಟು ದಡ್ಡಿಯಲ್ಲ. ಹೊಸ್ತಿಲಲ್ಲಿ ನಿಂತು ಈಗಷ್ಟೇ ಎಂದಿನ ಪಾಠ ಒಪ್ಪಿಸಿದ್ದಳು: “ಮಕ್ಕಳು ಎಷ್ಟು ಕೆಲಸ ಮಾಡ್ತಾರೆ ಅಂತ ಬರ್ಕೊಳ್ಳೋಕೆ ಬಂದಿದೀನಮ್ಮ. ಗಾಬರಿ ಬೇಡ. ನಿಮ್ಮ ಮಕ್ಕಳು ನಿಮ್ಮನೇಲಿ ಮಾಡೋ ಕೆಲಸಕ್ಕೆ ಯಾರೂ ಏನೂ ಅನ್ನಲ್ಲ. ಬೇರೆಯವರ ಮಕ್ಕಳನ್ನ ಇಟ್ಕೊಂಡಿದ್ರೆ ಮಾತ್ರ ಮೇಲಕ್ಕೆ ತಿಳಿಸಬೇಕು. ಅಂಥವರನ್ನ ಹಾಸ್ಟೆಲಿಗೆ ಹಾಕಿ ಓದಿಸ್ತಾರೆ.”

ಅಷ್ಟು ಹೇಳಿದ್ದೇ ತಡ, ಹಿಂದುಗಡೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಮನೆಯಾಕೆ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದಳು.

ಎರಡೇ ಕೋಣೆಯ ಮನೆ. ಗುಂಡಿ ಹಾಕಬೇಕಾದ ಅಂಗಿಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಮಂಚದ ಮೇಲೆ ಮಾತು ನಿಂತುಹೋದ ಒಬ್ಬ ಅಜ್ಜಿ. ಗೋಡೆಯ ಮೇಲೆ ಯೂನಿಫಾರಂ ತೊಟ್ಟ ಹುಡುಗನ ಫೋಟೊ ಇತ್ತು. ಹುಡುಗಿಯ ಫೋಟೊ ಎಲ್ಲೂ ಇರಲಿಲ್ಲ.

“ಎಷ್ಟು ವಯಸ್ಸು?”

“ಹನ್ನೆರಡು.”

“ಶಾಲೆಗೆ ಹೋಗ್ತಾಳಾ?”

“ಹೋಗ್ತಾಳೆ. ದಿನಾ ಹೋಗ್ತಾಳೆ.”

“ಮನೇಲಿ ಕೆಲಸ?”

“ಏನೋ ಚೂರುಪಾರು ಕೈ ಹಾಕ್ತಾಳೆ, ಅಷ್ಟೇ.”

ಮಗುವನ್ನು ಒಬ್ಬಳನ್ನೇ ಕೇಳಬೇಕು ಎಂಬುದು ನಿಯಮ. ಹಾಗೆಂದಾಗ ಮನೆಯಾಕೆಯ ಮುಖ ಸಣ್ಣದಾಯಿತು. “ನಾನಿದ್ರೆ ಏನಾಗುತ್ತೆ?” ಎಂದಳು. ಸಮೀಕ್ಷಕಿ ಫಾರಂ ಹಿಡಿದು ಹಿತ್ತಲಿಗೆ ನಡೆದಳು.

ನಲ್ಲಿಯ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಹುಡುಗಿಯ ಬೆರಳು ಸೋಪಿನ ನೀರಿಗೆ ಸುಕ್ಕುಗಟ್ಟಿದ್ದವು. ಎಲ್ಲರಿಗಿಂತ ಮೊದಲು ಏಳುವುದು ತಾನೇ ಎಂದಳು. ನೀರು ಹಿಡಿದು, ಒಲೆ ಹಚ್ಚಿ, ಹುಡುಗನಿಗೆ ಡಬ್ಬಿ ಕಟ್ಟಬೇಕು. ಅಜ್ಜಿಯನ್ನು ಮಗ್ಗುಲು ಬದಲಿಸಿ, ಒರೆಸಿ, ಒದ್ದೆಯಾದ ಹಾಸಿಗೆ ಒಗೆಯಬೇಕು. ಆಮೇಲೆ ಮತ್ತೆ ಒಲೆ, ಮತ್ತೆ ಪಾತ್ರೆ. ಸಮೀಕ್ಷಕಿ ಕೂಡಿಸಿ ನೋಡಿದಳು. ವಾರಕ್ಕೆ ನಲವತ್ತಾರು ಗಂಟೆ.

“ಶಾಲೆ ಯಾವಾಗ?”

“ಅಜ್ಜಿ ಬಿದ್ದ ಮೇಲೆ ಇಲ್ಲ. ಎರಡು ವರ್ಷ ಆಯ್ತು.”

ಸಿಕ್ಕಿತು ಒಂದು ಸುಳ್ಳು. ಒಂದು ಸಿಕ್ಕಿದರೆ ಉಳಿದವು ಅದರ ಬಾಲ ಹಿಡಿದೇ ಬರುತ್ತವೆ.

“ಎಲ್ಲಿ ಮಲಗ್ತೀಯ?”

“ಅಡುಗೆಮನೇಲಿ.”

“ಆ ಫೋಟೊದಲ್ಲಿರೋ ಹುಡುಗ ಏನು ಕೆಲಸ ಮಾಡ್ತಾನೆ?”

“ಅವನ್ಯಾಕೆ ಮಾಡ್ತಾನೆ? ಅವನು ಈ ಮನೆ ಮಗ.”

ಒಳಗಿಂದ ಕೂಗು ಬಂತು. “ಇನ್ನೂ ಎಷ್ಟೊತ್ತೇ? ಅಜ್ಜಿ ಒದ್ದೆ ಮಾಡ್ಕೊಂಡಿದಾರೆ.”

“ಬಂದೆ ಇರಮ್ಮ, ಪ್ರಾಣ ತಿನ್ಬೇಡ.”

ಬಾಯಿ ಜೋರಿತ್ತು. ಒಳ್ಳೆಯದೇ ಎಂದುಕೊಂಡಳು ಸಮೀಕ್ಷಕಿ, ಬಾಯಿದ್ದವಳು ನಿಜ ಹೇಳುತ್ತಾಳೆ. ದನಿ ತಗ್ಗಿಸಿ ಕೇಳಿದಳು. “ಹೆದರ್ಬೇಡ ಮಗು. ಅವರು ನಿನ್ನ ಹೆತ್ತಮ್ಮನಾ?”

ಹುಡುಗಿ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು.

“ಅಲ್ಲ. ಹಾಗೆ ಹೇಳು ಅಂತ ಹೇಳ್ಕೊಟ್ಟಿದಾರೆ.”

ಸಮೀಕ್ಷಕಿ ಫಾರಂ ತೆರೆದಳು. ‘ಮನೆಯ ಯಜಮಾನನೊಂದಿಗೆ ಸಂಬಂಧ’ ಎಂಬ ಕಾಲಮಿನಲ್ಲಿ ‘ಮಗಳು’ ಎಂದು ಬರೆದಿದ್ದನ್ನು ಪೆನ್ನು ಒತ್ತಿ ಹೊಡೆದುಹಾಕಿದಳು. ಕೆಳಗೆ ‘ಯಾವುದೂ ಇಲ್ಲ’ ಎಂದು ಬರೆದಳು.

ಮರುದಿನ ಬೆಳಿಗ್ಗೆ, ಹುಡುಗ ಶಾಲೆಗೆ ಹೋದ ಮೇಲೆ, ಮಕ್ಕಳ ರಕ್ಷಣಾಧಿಕಾರಿಯ ಜೀಪು ಬಂತು. ಜನನ ಪತ್ರ ಕೇಳಿದರೆ ಮನೆಯಾಕೆ ತಡವರಿಸಿದಳು. “ಪೆಟ್ಟಿಗೇಲಿದೆ ಸಾರ್. ಬೀಗದ ಕೈ ನಮ್ಮೆಜಮಾನ್ರ ಹತ್ರ. ಲಾರಿ ತಗೊಂಡು ಹೋಗಿದಾರೆ, ಬರೋಕೆ ನಾಲ್ಕು ದಿನ ಆಗುತ್ತೆ.” ಸಮೀಕ್ಷಕಿಗೆ ನಗು ಬಂತು. ಇಂಥ ಮನೆಗಳ ಬೀಗದ ಕೈ ಸದಾ ಪ್ರಯಾಣದಲ್ಲಿರುತ್ತದೆ. ಪಕ್ಕದ ಮನೆಯವರು ಕೈ ಝಾಡಿಸಿದರು. ಇವರು ಬಂದು ತಿಂಗಳಾಯಿತಷ್ಟೇ, ಹುಡುಗಿ ನೀರು ಹೊರುವುದನ್ನು ನೋಡಿದ್ದೇವೆ, ಬೇರೇನೂ ಗೊತ್ತಿಲ್ಲ.

ಅಧಿಕಾರಿ ಹುಡುಗಿಯ ಕಡೆ ಬಗ್ಗಿದ. “ಈಕೆ ನಿನಗೆ ಏನಾಗ್ಬೇಕಮ್ಮ?”

“ಹೇಳೇ,” ಎಂದಳು ಮನೆಯಾಕೆ. “ಅವರಿಗೆ ಹೇಳು.”

ಹುಡುಗಿ ಅವಳ ಮುಖವನ್ನು ನೇರವಾಗಿ ನೋಡಿದಳು. “ಏನೂ ಆಗ್ಬೇಕಿಲ್ಲ. ನಾನು ಇವರ ಮನೆ ಕೆಲಸಕ್ಕಿರೋಳು.”

ಮನೆಯಾಕೆ ಕೂಗಾಡಲಿಲ್ಲ, ಅಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದಳು. ಸಿಕ್ಕಿಬಿದ್ದವರು ಕುಸಿಯುವುದು ಹೀಗೇ ಎಂದುಕೊಂಡು ಸಮೀಕ್ಷಕಿ ಜೀಪು ಹತ್ತಿದಳು. ದಾರಿಯುದ್ದಕ್ಕೂ ಹುಡುಗಿಯ ಕೈ ಅವಳ ಕೈಯಲ್ಲಿತ್ತು. “ಆರನೇ ಕ್ಲಾಸಿಗೆ ಸೇರಿಸ್ಕೋತಾರಾ?” ಎಂದು ಹುಡುಗಿ ಎರಡು ಸಲ ಕೇಳಿದಳು.

ಐದನೆಯ ದಿನ ಹಾಸ್ಟೆಲಿನಿಂದ ಕರೆ ಬಂತು. ಹೋಗಿ ನೋಡಿದರೆ ವಾರ್ಡನ್ ಎದುರು ಒಬ್ಬ ಗಂಡಸು ನಿಂತಿದ್ದ, ಪಕ್ಕದಲ್ಲಿ ಹುಡುಗಿ. ಅಂಗಿಯ ಮೇಲೆ ರಸ್ತೆಯ ಧೂಳು ಹಾಗೇ ಇತ್ತು. ಅವನು ಮಡಿಕೆ ಬಿಚ್ಚಿ ಮೇಜಿನ ಮೇಲಿಟ್ಟ ಜನನ ಪತ್ರವನ್ನು ಸಮೀಕ್ಷಕಿ ಮೂರು ಸಲ ಓದಿದಳು. ಮುದ್ರೆ ಅಸಲಿ. ಅಪ್ಪನ ಹೆಸರು ಅವನದೇ, ಅಮ್ಮನ ಹೆಸರು ಆ ಮನೆಯಾಕೆಯದೇ.

“ಇವಳಮ್ಮ ಗೇಟಿನ ಹತ್ರ ನಿಂತಿದಾಳೆ,” ಎಂದ ಅವನು. “ಒಳಗೆ ಬಾ ಅಂದ್ರೆ ಬರಲ್ಲ. ಯಾರು ಅಂತ ಹೇಳ್ಕೊಂಡು ಬರಲಿ ಅಂತಾಳೆ.”

ವಾರ್ಡನ್ ತಲೆ ತಗ್ಗಿಸಿದರು. “ಸ್ವಂತ ಮನೆ ಕೆಲಸ ಅಂದ್ಮೇಲೆ ಇಲ್ಲಿಟ್ಕೊಳ್ಳೋಕೆ ಬರಲ್ಲ. ಇವತ್ತೇ ಕಳಿಸ್ಬೇಕು.”

ದೊಡ್ಡವರ ಸುಳ್ಳು ಸಮೀಕ್ಷಕಿಗೆ ಅಭ್ಯಾಸವಾಗಿತ್ತು. ಕೈ ಹಿಡಿದು ಕರೆತಂದ ಮಗುವೇ ಕೈ ಕೊಟ್ಟಿದ್ದನ್ನು ತಡೆದುಕೊಳ್ಳಲಾಗಲಿಲ್ಲ.

“ನಿನ್ನ ನಂಬಿದ್ನಲ್ಲೇ. ನನ್ನ ಹತ್ರ ಯಾಕೆ ಸುಳ್ಳು ಹೇಳಿದೆ?”

“ಮಗಳು ಅಂದಿದ್ರೆ ನೀವು ಬರ್ಕೊಂಡು ಹೋಗ್ತಿದ್ರಿ,” ಎಂದಳು ಹುಡುಗಿ. “ಕರ್ಕೊಂಡು ಹೋಗ್ತಿರ್ಲಿಲ್ಲ.”