ಐದು-ಒಂಬತ್ತು

“ಇವತ್ತು ಆಂಟೆನಾ ತಿರುಗೋದಿಲ್ಲ ಮೇಡಂ. ಸ್ಪರ್ಧೆ ನಡೀತಿದೆ,” ಎಂದರು ಕ್ಲಬ್ಬಿನ ಅಧ್ಯಕ್ಷರು, ಮೈಕಿನಿಂದ ಮುಖ ಕೂಡ ಎತ್ತದೆ.

ಶಾಲೆ ಮುಗಿಸಿ, ಮಹಡಿ ಮೇಲೆ ಮಹಡಿ ಹತ್ತಿ, ಏದುಸಿರು ಬಿಡುತ್ತ ರೇಡಿಯೋ ಕ್ಲಬ್ಬಿನ ಕೋಣೆಗೆ ಬಂದಿದ್ದ ಲೆಕ್ಕದ ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಅವರ ತಂಗಿ ಕಡಲಿನಾಚೆಯ ದ್ವೀಪದಲ್ಲಿ ನರ್ಸು. ಬಿರುಗಾಳಿಗೆ ಅಲ್ಲಿನ ಫೋನ್ ಟವರ್ ಉರುಳಿದ ಮೇಲೆ ದ್ವೀಪದವರಿಗೆ ಉಳಿದ ದಾರಿಯೆಂದರೆ ಆಕೆಯ ಪುಟ್ಟ ರೇಡಿಯೋ ಒಂದೇ. ದಿನಾ ಸಂಜೆ ತಂಗಿ ಅಲ್ಲಿಂದ ಕರೆಯುತ್ತಾಳೆ, ಅಕ್ಕ ಇಲ್ಲಿಂದ ಓಗೊಡುತ್ತಾರೆ. ಔಷಧಿಯೋ ದೋಣಿಯೋ ಬೇಕೆಂದರೆ ಬಂದರಿನ ಕಚೇರಿಗೆ ಸುದ್ದಿ ಮುಟ್ಟಿಸುವವರೂ ಇವರೇ.

“ಹತ್ತು ನಿಮಿಷದ ಮಾತು ಸರ್. ದ್ವೀಪದ ಕಡೆ ತಿರುಗಿಸಿ. ಆಮೇಲೆ ನಿಮಗೆ ಬೇಕಾದ ಕಡೆ ಇಟ್ಕೊಳ್ಳಿ.”

“ಹತ್ತು ನಿಮಿಷ ಅಂದ್ರೆ ಎಷ್ಟು ಪಾಯಿಂಟ್ ಹೋಗುತ್ತೆ ಗೊತ್ತಾ? ಆ ದಿಕ್ಕಲ್ಲಿ ನಿಮ್ಮ ತಂಗಿ ಬಿಟ್ರೆ ಒಂದು ನರಪಿಳ್ಳೆ ಇಲ್ಲ.”

“ಅವಳೊಬ್ಬಳೇ ಇರೋದು ಅಂತಾನೇ ತಿರುಗಿಸಿ ಅಂತಿದೀನಿ.”

“ದಿನಾ ಏನು ಹೇಳ್ತಾರೆ ಅವರು? ಎಲ್ಲ ಕ್ಷೇಮ, ಸಮುದ್ರ ಶಾಂತ. ಅದೇ ಕ್ಷೇಮಾನ ನಾಳೆ ಕೇಳಿದ್ರಾಯ್ತು.”

ಅಧ್ಯಕ್ಷರದು ಫರ್ನಿಚರ್ ಅಂಗಡಿ. ಮಂಚವಾಗಲಿ ಆಂಟೆನಾ ಆಗಲಿ, ದೊಡ್ಡದೇ ಆಗಬೇಕು ಅವರಿಗೆ. ಕ್ಲಬ್ಬಿಗೆ ಈ ಆಂಟೆನಾ ಕೊಳ್ಳುವಾಗಲೇ ಟೀಚರು ಬಾಯಿ ಬಡಿದುಕೊಂಡಿದ್ದರು: ಅಡ್ಡಕಡ್ಡಿಗಳು ಹೆಚ್ಚಿದಷ್ಟೂ ಅದು ಎದುರಿನ ದನಿಯನ್ನು ಚೆನ್ನಾಗಿ ಹಿಡಿಯುತ್ತದೆ ನಿಜ, ಪಕ್ಕಕ್ಕೂ ಬೆನ್ನಿಗೂ ಅಷ್ಟೇ ಕಿವುಡಾಗುತ್ತದೆ, ನಮಗೆ ಮೂರು ಕಡ್ಡಿಯದೇ ಸಾಕು ಎಂದು. ಬಂದದ್ದು ಐದು ಕಡ್ಡಿಯದು. ಸಂಜೆಯ ಹೊತ್ತು ಅದು ದ್ವೀಪದ ಕಡೆಗೇ ಇರುತ್ತದೆ ಎಂದು ಅಧ್ಯಕ್ಷರೇ ಎಲ್ಲರೆದುರು ಮಾತು ಕೊಟ್ಟಿದ್ದರು. ಈಗ ಆ ಮಾತು ಗಾಳಿಗೆ ಹೋಗಿತ್ತು, ಆಂಟೆನಾ ತಿರುಗಿಸುವ ಮೋಟಾರಿನ ಗುಂಡಿ ಅವರ ಮೊಣಕೈ ಕೆಳಗಿತ್ತು.

ದ್ವೀಪಕ್ಕೆಂದು ಗೊತ್ತು ಮಾಡಿದ್ದ ತರಂಗದಲ್ಲೇ ಕೂತು ಅವರು ಸ್ಪರ್ಧೆ ಆಡುತ್ತಿದ್ದರು; ರೇಡಿಯೋದಲ್ಲಿ ಎಷ್ಟು ಜನರನ್ನು ಮಾತಿಗೆ ಹಿಡಿದರೆ ಅಷ್ಟು ಪಾಯಿಂಟು. ಸ್ಪೀಕರಿನಲ್ಲಿ ಊರೂರಿನ ದನಿಗಳ ನೂಕುನುಗ್ಗಲು. ಬಂದವರಿಗೆಲ್ಲ ಒಂದೇ ಉತ್ತರ: “ಐದು-ಒಂಬತ್ತು. ಸ್ಪಷ್ಟವಾಗಿ ಕೇಳಿಸ್ತಿದೆ. ಧನ್ಯವಾದ. ಮುಂದಿನವರು?” ಐದು-ಒಂಬತ್ತು ಎಂದರೆ ರೇಡಿಯೋದವರ ಲೆಕ್ಕದಲ್ಲಿ ಪೂರ್ತಿ ಅಂಕ, ನೀವು ಹೇಳಿದ ಒಂದೊಂದು ಅಕ್ಷರವೂ ಗಟ್ಟಿಯಾಗಿ ಮುಟ್ಟಿತು ಎಂದರ್ಥ. ಅಷ್ಟರಲ್ಲಿ ಯಾರದೋ ದನಿ ಗೊರಗೊರ ಸದ್ದಿನಲ್ಲಿ ಮುಳುಗಿ ಅರ್ಧವೂ ತಿಳಿಯಲಿಲ್ಲ. ಅವನಿಗೂ ಐದು-ಒಂಬತ್ತು ಸಿಕ್ಕಿತು.

“ಅವನು ಏನಂದ ಅಂತಾದ್ರೂ ಗೊತ್ತಾಯ್ತಾ ನಿಮಗೆ?”

“ಸ್ಪರ್ಧೇಲಿ ಎಲ್ಲರಿಗೂ ಅದನ್ನೇ ಕೊಡೋದು ಮೇಡಂ, ಪದ್ಧತಿ. ಕೇಳ್ತಾ ಕೂತ್ರೆ ಗೆದ್ದ ಹಾಗೇ.”

ಉತ್ತರಪತ್ರಿಕೆ ಬಿಡಿಸಿಯೂ ನೋಡದೆ ನೂರಕ್ಕೆ ನೂರು ಹಾಕುವ ಆಸಾಮಿಯನ್ನು ಟೀಚರು ಅದುವರೆಗೆ ಕಂಡಿರಲಿಲ್ಲ. ಇಂಥವರ ಮೊಣಕೈ ಕೆಳಗೆ ಒಂದು ದ್ವೀಪದ ಜನರ ಬಾಯಿ ಸಿಕ್ಕಿಕೊಂಡಿತ್ತು. ಟೀಚರು ಮೂಲೆಯ ಡಬ್ಬಿಯಿಂದ ಸ್ಪ್ಯಾನರ್ ಎತ್ತಿಕೊಂಡು ದಡದಡನೆ ತಾರಸಿಗೆ ಹತ್ತಿದರು.

ಆಂಟೆನಾದ ಕಂಬವನ್ನು ಮೋಟಾರಿಗೆ ಬಿಗಿದಿದ್ದ ಬೋಲ್ಟುಗಳನ್ನು ಸಡಿಲಿಸಿ, ಕಂಬವನ್ನು ಎರಡೂ ತೋಳುಗಳಿಂದ ತಬ್ಬಿ ತಿರುವಿದರು. ಅದು ಜಗ್ಗಲಿಲ್ಲ. “ತಿರುಗು, ಮೊಂಡ ಎಲ್ಲಿಯದು,” ಎಂದು ಬೈದರು. ಬೈದದ್ದು ಕಂಬವನ್ನಲ್ಲ. ಇನ್ನೊಮ್ಮೆ ಹಲ್ಲು ಕಚ್ಚಿ ತಿರುವಿದಾಗ ಕಿರ್ರೆಂದು ಕದಲಿ, ನೀರಿನ ಟ್ಯಾಂಕಿನ ಮೇಲಿಂದ ಹಾದು, ಆಂಟೆನಾದ ಮೂತಿ ದ್ವೀಪದ ದಿಕ್ಕಿಗೆ ನಿಂತಿತು. ಬೋಲ್ಟು ಬಿಗಿದು ಒಂದೇ ಉಸಿರಿಗೆ ಕೆಳಗಿಳಿದರು.

ಕೋಣೆಯಲ್ಲಿ ಸ್ಪೀಕರಿನ ನೂಕುನುಗ್ಗಲು ಅಡಗಿಹೋಗಿತ್ತು. ಅಧ್ಯಕ್ಷರು ಕಂಗಾಲಾಗಿ ಮೇಜು ತಟ್ಟುತ್ತ, “ಯಾರಾದ್ರೂ ಇದ್ದೀರಾ? ಬನ್ನಿ, ಬನ್ನಿ,” ಎಂದು ಮೈಕಿಗೆ ಕೂಗುತ್ತಿದ್ದರು. ಆಗ ಸಣ್ಣಗೆ ಒಂದು ಹೆಣ್ಣುದನಿ ಬಂತು.

“ದ್ವೀಪದಿಂದ ಮಾತಾಡ್ತಿದೀನಿ. ಆಗಿನಿಂದ ಕರೀತಿದೀನಿ. ಇಲ್ಲೊಂದು ಹೆರಿಗೆ ಕಷ್ಟ ಆಗಿದೆ, ನನ್ನ ಕೈ ಮೀರಿದೆ. ತಕ್ಷಣ ದೋಣಿ ಬೇಕು. ಕೇಳಿಸ್ತಿದ್ಯಾ?”

ಅಂತೂ ಒಬ್ಬರು ಸಿಕ್ಕಿದರೆಂಬ ಆತುರದಲ್ಲಿ ಅಧ್ಯಕ್ಷರ ಬಾಯಿ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತು: “ಐದು-ಒಂಬತ್ತು. ಸ್ಪಷ್ಟವಾಗಿ ಕೇಳಿಸ್ತಿದೆ. ಧನ್ಯವಾದ. ಮುಂದಿನವರು?”

ಹೇಳಿ ತಲೆ ಎತ್ತಿದರು. ಬಾಗಿಲಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದ ಟೀಚರ ಮುಖ ನೋಡಿದ ಮೇಲೆಯೇ, ಈಗ ಬಂದದ್ದು ಏನು ಮಾತು ಎಂಬುದು ಅವರ ತಲೆಗೆ ಹತ್ತಿತು. ಟೀಚರು ಮೈಕಿಗೆ ಕೈ ಚಾಚುವುದರೊಳಗೆ ಸ್ಪೀಕರಿನಲ್ಲಿ ನಿರಾಳವಾದ ಒಂದು ನಿಟ್ಟುಸಿರು ಕೇಳಿಸಿತು.

“ಸದ್ಯ, ಸ್ಪಷ್ಟವಾಗಿ ಕೇಳಿಸ್ತಲ್ಲ ಸರ್,” ಎಂದಳು ತಂಗಿ. “ಬಸುರಿಯ ಗಂಡ ಇಲ್ಲೇ ನಿಂತಿದಾನೆ. ದೋಣಿ ಯಾವಾಗ ಬರುತ್ತೆ ಅಂತ ಹೇಳಲಿ ಅವನಿಗೆ?”