ಸಹಪಾಠಿಯ ಸಹಿ

ಹತ್ತನೆಯ ತರಗತಿ ಪಾಸಾಗಲು ಅಂಕಗಳ ಜೊತೆಗೆ ಒಬ್ಬ ಸಹಪಾಠಿಯ ಸಹಿಯೂ ಬೇಕಿತ್ತು. ಮಕ್ಕಳು ಹುಟ್ಟುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ, ರೋಣದ ಶಾಲೆಗೆ ಶಿವಲೀಲಾ ಒಬ್ಬಳೇ ವಿದ್ಯಾರ್ಥಿನಿ. ಮೂರು ವರ್ಷಗಳಿಂದ ಅವಳು ಖಾಲಿ ಬೆಂಚುಗಳ ನಡುವೆ ಕೂತು, ಪಾಠ ಹೇಳುವ ಗೋಡೆಯ ಪರದೆ ಹೆಸರು ಕರೆದಾಗ 'ಹಾಜರ್' ಎನ್ನುತ್ತಿದ್ದಳು. ಆಟದ ಹೊತ್ತಿನಲ್ಲಿ ಲಗೋರಿಯ ಕಲ್ಲುಗಳನ್ನು ತಾನೇ ಜೋಡಿಸಿ ತಾನೇ ಬೀಳಿಸುತ್ತಿದ್ದಳು.

ಇಂಥವರಿಗಾಗಿ ಇಲಾಖೆ ಬೇರೆ ಊರಿನ ಒಬ್ಬರನ್ನು ಸಹಪಾಠಿಯೆಂದು ಗೊತ್ತುಮಾಡುತ್ತಿತ್ತು. ಸಹಿ ಹಾಕಿಸುವ ಕೊನೆಯ ದಿನ ಶಿವಲೀಲಾ ಬಸ್ಸು ಹತ್ತಿ ನರಗುಂದಕ್ಕೆ ಹೋದಳು. ಅವಳಿಗೆ ಗೊತ್ತುಮಾಡಿದ್ದ ಸಹಪಾಠಿ, ಅಲ್ಲಿನ ಶಾಲೆಯ ಒಬ್ಬಳೇ ವಿದ್ಯಾರ್ಥಿನಿ ಮುಮ್ತಾಜ್ ಗೇಟಿನಲ್ಲೇ ಕಾಯುತ್ತಿದ್ದಳು. ಇಬ್ಬರೂ ಡಬ್ಬಿ ಬಿಚ್ಚಿ ಉಂಡರು. ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯದೆ, ರೊಟ್ಟಿ ಮುರಿಯುವ ಸದ್ದಷ್ಟೇ ಕೇಳುತ್ತಿತ್ತು.

ಒಬ್ಬರ ಫಾರ್ಮಿಗೆ ಇನ್ನೊಬ್ಬರು ಸಹಿ ಹಾಕಬೇಕಿತ್ತು. ಅದರಲ್ಲಿ ಇದ್ದದ್ದು ಒಂದೇ ಪ್ರಶ್ನೆ: 'ಇವಳನ್ನು ನೀವು ಬಲ್ಲಿರಾ?' ಎಲ್ಲರೂ 'ಹೌದು' ಎಂದು ಬರೆದು ಸಹಿ ಹಾಕುತ್ತಿದ್ದರು. ಶಿವಲೀಲಾಳ ಫಾರ್ಮಿನಲ್ಲಿ ಮುಮ್ತಾಜ್ 'ಇಲ್ಲ' ಎಂದು ಬರೆದಳು.

"ಹಿಂಗ್ಯಾಕ ಮಾಡಿದಿ? ನಾ ಫೇಲಾಗ್ತೀನಿ!" ಶಿವಲೀಲಾಳ ಕಣ್ಣು ತುಂಬಿತು.

"ನಿನ್ನ ಬಗ್ಗೆ ನನಗೇನೂ ಗೊತ್ತಿಲ್ಲಲ್ಲ, ಸುಳ್ಳು ಹ್ಯಾಂಗ ಬರೀಲಿ?" ಮುಮ್ತಾಜ್ ತಲೆ ತಗ್ಗಿಸಿದಳು. "ಪಾಸಾದ್ರ ನೀ ಮತ್ತ ಬರಂಗಿಲ್ಲ. ಫೇಲಾದ್ರ ವರ್ಷಪೂರ್ತಿ ವಾರಕ್ಕೊಮ್ಮೆ ಇಬ್ರನ್ನೂ ಕೂಡಿಸ್ತಾರಂತ."

ಶಿವಲೀಲಾ ಕಣ್ಣೊರೆಸಿಕೊಂಡಳು. ರೋಣದ ಬಸ್ಸು ಬಂದು ಹಾರ್ನ್ ಹೊಡೆಯಿತು. ಅವಳು ಮುಮ್ತಾಜಳ ಫಾರ್ಮನ್ನು ಎಳೆದುಕೊಂಡು, ಪ್ರಶ್ನೆಯ ಮುಂದೆ 'ಇನ್ನೂ ಇಲ್ಲ' ಎಂದು ಬರೆದು ಸಹಿ ಹಾಕಿದಳು.