ಸಪ್ಪಳವಿಲ್ಲದ ಲಸ್ಸಿ

ಔರಾದ ಬಸ್ ನಿಲ್ದಾಣದ ಚರಿತ್ರೆಯನ್ನು ಯಾರಾದರೂ ಬರೆದರೆ, ಆ ಬರಗಾಲದ ಬೇಸಿಗೆಯಲ್ಲಿ ಗುಲಾಮ ರಸೂಲನ ಲಸ್ಸಿ ಅಂಗಡಿಯ ಜನರೇಟರು ಬಾಯಿ ಮುಚ್ಚಿದ ದಿನಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕಾದೀತು. ಹದಿಮೂರು ವರ್ಷ ಡೀಸೆಲ್ ಕುಡಿದು, ಹೊಗೆ ಕಾರಿ, ಢಗ್ ಢಗ್ ಎಂದ ಯಂತ್ರ ಅದು. ಕೆಟ್ಟು ನಿಂತದ್ದಲ್ಲ. ಲಸ್ಸಿಗೂ ಗಂಡನ ಅಂಗಿಗೂ ಒಂದೇ ವಾಸನೆ ಬರುತ್ತದೆಂದು ಎರಡು ವರ್ಷ ಹಟ ಹಿಡಿದ ಚಾಂದಬೀ, ಮಾಳಿಗೆಯ ಮೇಲೆ ಸೋಲಾರ್ ಪ್ಲೇಟು ಹಾಕಿಸಿದ್ದಳು. ಆ ವರ್ಷ ಬಿಸಿಲಿಗೊಂದು ಬರವಿರಲಿಲ್ಲ. ಫ್ರಿಜ್ಜು, ಫ್ಯಾನು, ಮಿಕ್ಸರು ಎಲ್ಲ ಬಿಸಿಲು ಉಂಡು ನಡೆದವು. ನಡೆಯದೆ ಹೋದದ್ದು ವ್ಯಾಪಾರ ಒಂದೇ.

ಔರಾದಿನಲ್ಲಿ ಕರೆಂಟು ಹೋದಾಗ ಬಸ್ಸಿಳಿದವರು ಮೊದಲು ಕಿವಿಗೊಡುತ್ತಿದ್ದರು. ಢಗ್ ಢಗ್ ಎಂದ ಕಡೆ ಠಂಡಾ ಸಿಗುತ್ತದೆ, ಸಪ್ಪಳವಿಲ್ಲದ ಕಡೆ ಇಲ್ಲ. ಇದು ಅಲ್ಲಿನ ಶಾಸ್ತ್ರ.

"ಬರ್ರಿ ಸಾಹುಕಾರ್ರ, ಠಂಡಾ ಲಸ್ಸಿ ಅದ," ಎಂದು ರಸೂಲ ಭಾಲ್ಕಿ ಬಸ್ಸಿನಿಂದ ಇಳಿದವನೊಬ್ಬನನ್ನು ಕರೆದ.

"ಕರೆಂಟೇ ಇಲ್ಲಲ್ರಿ."

"ಮ್ಯಾಲ ಸೋಲಾರ್ ಅದ. ಬೇಕಾದ್ರ ನೋಡ್ರಿ."

ಅವನು ಕತ್ತೆತ್ತಿ ನೋಡಿದ. "ಪ್ಲೇಟ್ ಕಾಣಸ್ತಾವ. ಸಪ್ಪಳ ಎಲ್ಲದ?" ಎಂದವನು ನಿಲ್ದಾಣದ ಆಚೆ ಬದಿ ದತ್ತಾತ್ರಿಯ ಠಂಡಾ ಅಂಗಡಿಯ ಜನರೇಟರು ಗುಡುಗುತ್ತಿದ್ದ ಕಡೆ ನಡೆದ.

ಮೂರನೆಯ ದಿನ ಮಧ್ಯಾಹ್ನ ಮೊಸರು ಹುಳಿಯಾಗತೊಡಗಿದಾಗ ರಸೂಲ ಒಂದು ಡಬ್ಬಿ ಡೀಸೆಲ್ ತಂದು ಜನರೇಟರಿಗೆ ಸುರಿದ.

"ಏನ್ ನಡಸೀರಿ?" ಎಂದಳು ಚಾಂದಬೀ.

"ಫ್ರಿಜ್ ಸೋಲಾರ್ ಮ್ಯಾಲೇ ಇರ್ಲಿ. ಇದಕ್ಕ ವೈರ್ ಹಚ್ಚಂಗಿಲ್ಲ. ಸುಮ್ನ ಸಪ್ಪಳ ಮಾಡ್ಲಿ."

"ಹಂಗಾದ್ರ ಬ್ಯಾಂಡಿನವರನ್ನ ಕರಸ್ರಿ. ಅವರು ಹೊಗಿ ಬಿಡಂಗಿಲ್ಲ."

"ನಗಬ್ಯಾಡ. ಇವತ್ತೂ ಗಿರಾಕಿ ಬರ್ಲಿಲ್ಲಂದ್ರ ನಾಳಿ ಪ್ಲೇಟ್ ಇಳಸ್ತೇನಿ."

ಚಾಂದಬೀ ನಗಲಿಲ್ಲ. ಬೀದರಿನಲ್ಲಿ ಪ್ಲೇಟು ಕೊಟ್ಟವನಿಗೆ ಬೆಳಿಗ್ಗೆಯೇ ಫೋನು ಹಚ್ಚಿ, ವಾಪಸ್ ತಗೋತೀರೇನು ಎಂದು ಗಂಡ ಕೇಳಿದ್ದು ಅವಳ ಕಿವಿಗೆ ಬಿದ್ದಿತ್ತು.

ರಸೂಲ ಹ್ಯಾಂಡಲ್ ಸಿಕ್ಕಿಸಿ ಅಂಗಿಯ ತೋಳು ಮಡಚಿದ. ಅಷ್ಟರಲ್ಲಿ ಚಿಂತಾಕಿಯ ಸುಭದ್ರಾಬಾಯಿ ಒಂದು ಕಿವಿಗೆ ಮೊಬೈಲು ಒತ್ತಿ, ಇನ್ನೊಂದಕ್ಕೆ ಬೆರಳು ತುರುಕಿಕೊಂಡು ನೇರ ಒಳಗೆ ಬಂದು ಬೆಂಚಿನ ಮೇಲೆ ಕೂತಳು.

"ತಮ್ಮಾ, ಜರಾ ಅದನ್ನ ಹಚ್ಚಬ್ಯಾಡ. ಹೈದರಾಬಾದಿನಿಂದ ಮಗಳು ಮಾತಾಡ್ಲಕತ್ತಾಳ." ಬಳಿಕ ಫೋನಿಗೆ, "ಹಾಂ, ಈಗ ಕೇಳಸ್ತದ. ಕೂಸಿನ ಬಾಯಿ ಹತ್ರ ಹಿಡಿ."

ದಸರೆ ಮುಗಿದೊಡನೆ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಹೋಗಿದ್ದ ಮಗಳು ಅಲ್ಲೇ ಹಡೆದಿದ್ದಳು. ಮೊಮ್ಮಗಳನ್ನು ಅಜ್ಜಿ ಇನ್ನೂ ನೋಡಿರಲಿಲ್ಲ. ಅವಳು ಫೋನನ್ನು ರಸೂಲನ ಕಿವಿಗೆ ಹಿಡಿದಳು. ಹ್ಯಾಂಡಲ್ ಬಿಡದೆಯೇ ಅವನು ಬಗ್ಗಿದ.

"ಏನಂತದ?" ಎಂದಳು.

"ಏನೋ ಗುಳುಗುಳು ಅಂತದ."

"ಅಜ್ಜಿ ಅಂತದ."

"ಎಷ್ಟು ತಿಂಗಳದ್ರಿ?"

"ಮೂರು. ಭಾಳ ಹುಷಾರ ಅದ."

ಮಾತು ಮುಗಿಸಿ ಸುಭದ್ರಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಊರಾಗ ಟವರ್ ಸಿಗಂಗಿಲ್ಲ. ಇಲ್ಲಿ ಎಲ್ಲಿ ನಿಂತ್ರೂ ಢಗ್ ಢಗ್. ಕೂಸು ನಕ್ಕಿದ್ದು ಇವತ್ತೇ ಕೇಳ್ದೆ ನೋಡು." ಚಾಂದಬೀ ಕೊಟ್ಟ ಲಸ್ಸಿ ಕುಡಿದು, "ಯವ್ವಾ, ಹಲ್ಲು ಜುಮ್ ಅಂದ್ವು," ಎಂದಳು. ಆಮೇಲೆ ಬಾಗಿಲಿಗೆ ಹೋಗಿ ತನ್ನೂರ ಬಸ್ಸಿನ ಹೆಂಗಸರನ್ನು ಕೂಗಿ ಕರೆದಳು. ಸೋಲಾರಿನ ಸುದ್ದಿಯನ್ನು ಅವಳು ಎತ್ತಲಿಲ್ಲ. "ಇಲ್ಲಿ ಕೇಳಸ್ತದ ಬರ್ರೆ," ಎಂದಳಷ್ಟೆ.

ಆ ವರ್ಷ ಬಸ್ಸಿನಲ್ಲಿ ಅರ್ಧ ಜನರ ಮಕ್ಕಳು ಹೈದರಾಬಾದಿನಲ್ಲಿ, ಇನ್ನರ್ಧ ಜನರ ಮಕ್ಕಳು ಪುಣೆಯಲ್ಲಿದ್ದರು. ಎಲ್ಲರೂ ಬಂದರು, ಮಾತಾಡಿದರು, ಮಾತಾಡಿ ಗಂಟಲು ಒಣಗಿದ್ದಕ್ಕೆ ಲಸ್ಸಿ ಕುಡಿದರು.

ಪ್ಲೇಟುಗಳು ಇಳಿಯಲಿಲ್ಲ. ಶುಕ್ರವಾರದ ಹೊತ್ತಿಗೆ ಗುಲಾಮ ರಸೂಲನ ಅಂಗಡಿಯೊಳಗೆ ಯಾರ ಫೋನೂ ಯಾರಿಗೂ ಕೇಳಿಸುತ್ತಿರಲಿಲ್ಲ.